ಲೈಲ್‌ನ ಡೆಕ್ಕೂ ಮೂರನೇ ಉಪಚಾರವೂ

ಲೈಲ್ ಸ್ಕೋಗ್ಲಂಡ್‌ನ ಅಡುಗೆಮನೆಗೆ ಒಂದು ಗಾಜಿನ ಬಾಗಿಲಿತ್ತು. ಅದನ್ನು ಸರಿಸಿ ಆಚೆ ಕಾಲಿಟ್ಟರೆ ಕಾಲಿಗೆ ಸಿಗುತ್ತಿದ್ದದ್ದು ಬರೀ ಗಾಳಿ. ಗಾಳಿಯ ಕೆಳಗೆ, ಆಳುದ್ದ ಆಳದಲ್ಲಿ, ಹಿತ್ತಲು. ಮನೆ ಕಟ್ಟಿದ ಕಂಟ್ರಾಕ್ಟರು, "ಹೇಗೂ ಮುಂದೆ ಇಲ್ಲಿ ಡೆಕ್ ಹಾಕಿಸ್ಕೋತೀರಿ, ಬಾಗಿಲು ಈಗಲೇ ಇರಲಿ" ಎಂದು, ಯಾರೂ ಬಿದ್ದು ಸಾಯದಿರಲಿ ಅಂತ ಅದಕ್ಕೆ ಅಡ್ಡವಾಗಿ ಒಂದು ಮರದ ಪಟ್ಟಿ ಜಡಿದು ಹೋಗಿದ್ದ. ಡೆಕ್ ಅಂದರೆ ಮತ್ತೇನಲ್ಲ, ಹಿತ್ತಲ ಕಡೆಗೆ ಚಾಚಿಕೊಂಡ ಮರದ ಜಗಲಿ. ಮಿನಿಸೋಟಾದಲ್ಲಿ ಹಿಮ ಕರಗಿ ಸೊಳ್ಳೆ ಹುಟ್ಟುವುದರ ನಡುವೆ ಸಿಗುವ ನಾಲ್ಕು ದಿನ ಜನ ಅದರ ಮೇಲೆ ಕೂತು ಮಾಂಸ ಸುಟ್ಟು ತಿನ್ನುತ್ತಾರೆ. ಪಟ್ಟಿ ಜಡಿದಾಗ ಮಗಳು ಬ್ರಿಟಾ ಇನ್ನೂ ಶಾಲೆಗೆ ಸೇರಿರಲಿಲ್ಲ. ಈಗ ಹೈಸ್ಕೂಲು ಮುಗಿಸುತ್ತಿದ್ದಳು. ಪಟ್ಟಿ ಅಲ್ಲೇ ಇತ್ತು.

ಆ ಶುಕ್ರವಾರ ಬೆಳಿಗ್ಗೆ ಹೆಂಡತಿ ಮಾರ್ಲಿಸ್ ಅವನ ಗಂಜಿ ಬಟ್ಟಲಿನ ಪಕ್ಕ ಒಂದು ಕಾರ್ಡು ತಂದಿಟ್ಟಳು.

"ರೀ, ನಿಮ್ಮ ಮಗಳು ಮಾಡಿರೋ ಕೆಲಸ ನೋಡಿದ್ರಾ?"

ಲೈಲ್ ಕನ್ನಡಕ ಏರಿಸಿ ಓದಿದ. ಬ್ರಿಟಾ ಹೈಸ್ಕೂಲು ಮುಗಿಸಿದ ಸಂತೋಷಕೂಟಕ್ಕೆ ತಾವೆಲ್ಲರೂ ಬರಬೇಕು. ಸ್ಥಳ, ನಮ್ಮ ಮನೆಯ ಹೊಸ ಡೆಕ್.

"ಯಾವ ಹೊಸ ಡೆಕ್ಕು?"

"ಅದನ್ನೇ ನಾನೂ ಕೇಳ್ತಿರೋದು. ಈ ವರ್ಷ ಗ್ಯಾರಂಟಿ ಅಂತ ಅವಳಿಗೆ ಹೇಳಿದ್ದು ನೀವು ತಾನೆ?"

"ಅದು ಪ್ರತಿ ವರ್ಷ ಹೇಳ್ತೀನಲ್ಲೇ."

"ಈ ವರ್ಷ ಮಗು ನಂಬಿಬಿಟ್ಟಿದೆ. ನಿನ್ನೆ ಅಂಚೆಗೂ ಹಾಕಿ ಬಂದಿದೆ. ಊರಿಗೆಲ್ಲ ಹೋಯ್ತು ಕಾರ್ಡು."

ಲೈಲ್ ಬಾಯಲ್ಲಿದ್ದ ಗಂಜಿಯನ್ನು ಕಷ್ಟಪಟ್ಟು ನುಂಗಿದ. ಕೂಟಕ್ಕೆ ಇನ್ನು ಮೂರೇ ವಾರ. ಬಡಗಿಗಳನ್ನು ಸೋಮವಾರಕ್ಕೆ ಹೇಳಿಟ್ಟಿದ್ದೇನೋ ನಿಜ, ಮರವೂ ಬಂದು ಗ್ಯಾರೇಜಿನಲ್ಲಿ ಬಿದ್ದಿತ್ತು. ಆದರೆ ನಗರಸಭೆಯ ಪರ್ಮಿಟ್ ಇಲ್ಲದೆ ಒಂದು ಮೊಳೆಯನ್ನೂ ಹೊಡೆಯುವುದಿಲ್ಲ ಅಂತ ಲೈಲ್ ಕೂತಿದ್ದ. ಪರ್ಮಿಟ್ ಕೊಡಬೇಕಾದವನು ಇನ್‌ಸ್ಪೆಕ್ಟರ್ ರಸ್ ಒಬ್ಬನೇ. ಮಾರನೆಯ ದಿನ ಮೀನು ಹಿಡಿಯುವ ಹಂಗಾಮು ಶುರು. ಆ ದಿನ ಊರಿನ ಅರ್ಧ ಗಂಡಸರು ಸರೋವರದ ಮೇಲಿರುತ್ತಾರೆ, ಇನ್ನರ್ಧ ಅಲ್ಲಿಗೆ ಹೋಗುವ ದಾರಿಯಲ್ಲಿರುತ್ತಾರೆ. ರಸ್ ಎರಡು ವಾರ ರಜ ಹಾಕಿದ್ದ.

"ಸಂಜೆ ಡ್ವೇನ್ ಬರ್ತಾನೆ," ಎಂದಳು ಮಾರ್ಲಿಸ್. "ಸರೋವರಕ್ಕೆ ಹೋಗೋ ದಾರೀಲಿ ತಿಂಡಿ ಕಟ್ಟಿಸ್ಕೊಂಡು ಹೋಗೋಕೆ. ಪಾರ್ಟಿ ನಮ್ಮನೇಲೇ ಮಾಡೋಣ ಅಂತ ಕೇಳೇ ಕೇಳ್ತಾನೆ. ಆ ಬಾಗಿಲಿಗೆ ಪರ್ಮಿಟ್ ಅಂಟಿಸಿದ್ರೆ ಎರಡು ಸಲ ಬೇಡ ಅಂದು ಕಳಿಸ್ತೀನಿ. ಇಲ್ಲಾಂದ್ರೆ ಮೂರನೇ ಸಲಕ್ಕೆ ಹೂಂ ಅಂತೀನಿ. ಆಮೇಲೆ ನನ್ನನ್ನ ಅನ್ನಬೇಡಿ."

ಡ್ವೇನ್ ಮಾರ್ಲಿಸಳ ತಮ್ಮ. ಅವನ ಮನೆಗೆ ಮೂರಂತಸ್ತಿನ ಡೆಕ್ಕಿತ್ತು. ಮೇಲಿನದರಲ್ಲಿ ಊಟ, ನಡುವಿನದರಲ್ಲಿ ಹರಟೆ, ಕೆಳಗಿನದರಲ್ಲಿ ಬಿಸಿನೀರಿನ ತೊಟ್ಟಿ. ಸ್ಕೋಗ್ಲಂಡ್ ದಂಪತಿಯ ಮದುವೆಯ ವಾರ್ಷಿಕೋತ್ಸವ ಆದದ್ದೂ ಅಲ್ಲೇ. ಅಂದು ಡ್ವೇನ್ ಇಕ್ಕಳ ಹಿಡಿದು ನಿಂತು ಭಾಷಣ ಮಾಡಿ, "ನಮ್ಮ ಭಾವ, ಪಾಪ, ಒಳ್ಳೆ ಮನುಷ್ಯ" ಅಂದಿದ್ದ. ಆ 'ಪಾಪ' ಲೈಲ್‌ನ ಎದೆಯಲ್ಲಿ ಮುಳ್ಳಿನ ಹಾಗೆ ಇನ್ನೂ ಕೂತಿತ್ತು. ಮಗಳ ಕೂಟದಲ್ಲೂ ಅವನೇ ಮಾಂಸ ತಿರುವುತ್ತ ಭಾಷಣ ಮಾಡಬೇಕೆ? ತಾನು ಕೈಯಲ್ಲಿ ಕಾಗದದ ತಟ್ಟೆ ಹಿಡಿದು ನೆಂಟನ ಹಾಗೆ ನಿಲ್ಲಬೇಕೆ? ಸಾಧ್ಯವಿಲ್ಲ!

"ಸಂಜೆಯೊಳಗೆ ಪರ್ಮಿಟ್ ಈ ಗಾಜಿನ ಮೇಲಿರುತ್ತೆ, ನೋಡ್ತಿರು!" ಅಂದವನೇ ನಕ್ಷೆ ಸುತ್ತಿಕೊಂಡು ಹೊರಟ.

ಗ್ಯಾರೇಜಿನ ಹತ್ತಿರ ಆರ್ವಿಡ್ ಕಾದಿದ್ದ. ಎಡಗಡೆ ಮನೆಯವನು, ಹಾಲಿನ ಲಾರಿ ಓಡಿಸಿ ನಿವೃತ್ತನಾದವನು. ಕೈಯಲ್ಲಿ ಕೆಲಸವಿಲ್ಲವಾದ್ದರಿಂದ ಕೇರಿಯವರ ಕೆಲಸವೆಲ್ಲ ಅವನದೇ.

"ಡೆಕ್ಕಿಗೆ ಪರ್ಮಿಟ್ಟಾ? ಏನಯ್ಯಾ ನೀನು! ನಾನು ಕಟ್ಟಿದ್ದು ಹೇಗೆ ಗೊತ್ತಾ? ಎರಡು ಪೆಟ್ಟಿಗೆ ಬಿಯರು, ನಾಲ್ಕು ಜನ ದೋಸ್ತರು, ಒಂದು ಶನಿವಾರ. ಮುಗೀತು."

"ಅದಕ್ಕೇ ಆರ್ವಿಡ್, ನಿಮ್ಮ ಡೆಕ್ ಮೇಲೆ ಗೋಲಿ ಇಟ್ರೆ ಅದು ಉರುಳಿಕೊಂಡು ನಮ್ಮ ಹಿತ್ತಲಿಗೆ ಬರೋದು."

"ಬರ್ಲಿ ಬಿಡೋ. ಗೋಲಿ ಆಡೋ ವಯಸ್ಸಾ ನಂದು?"

"ನೋಡಿ, ನನ್ನ ಕೆಲಸ ಡ್ರೈವಿಂಗ್ ಪರೀಕ್ಷೆ ಮಾಡೋದು. ಸ್ಟಾಪ್ ಬೋರ್ಡಿನ ಹತ್ರ ಪೂರ್ತಿ ನಿಲ್ಲಿಸಲಿಲ್ಲ ಅಂತ ಮೇಯರ್ ಹೆಂಡತೀನೇ ಫೇಲ್ ಮಾಡಿದವನು ನಾನು. ನಾನೇ ಕದ್ದು ಡೆಕ್ ಕಟ್ಟಿದ್ರೆ ಊರವರು ಸುಮ್ನೆ ಬಿಡ್ತಾರಾ?"

ಆರ್ವಿಡ್ ಒಂದು ಕ್ಷಣ ಯೋಚಿಸಿದ. "ಅದೂ ನಿಜ. ಸರಿ, ನಡಿ, ನಾನೂ ಬರ್ತೀನಿ. ನಿನಗೆ ಜನರ ಹತ್ರ ಮಾತಾಡೋಕೆ ಬರಲ್ಲ."

ನಗರಸಭೆಯ ಕೌಂಟರಿನ ಹಿಂದೆ ಕೂತಿದ್ದವಳು ಗುಮಾಸ್ತೆ ಡಾರ್ಲೀನ್. ಅವಳನ್ನು ಗಾಡಿ ನಿಲ್ಲಿಸುವ ಪರೀಕ್ಷೆಯಲ್ಲಿ ಲೈಲ್ ಮೇಲಿಂದ ಮೇಲೆ ಫೇಲ್ ಮಾಡಿದ್ದ. ಅವನ ಮುಖ ಕಂಡದ್ದೇ ಅವಳು ಹಬ್ಬದೂಟಕ್ಕೆ ಎಲೆ ಹಾಕಿದಷ್ಟು ಸಂತೋಷದಿಂದ ಕುರ್ಚಿ ಎಳೆದುಕೊಂಡಳು.

"ಓಹೋ, ಲೈಲ್ ಸಾರ್! ಬನ್ನಿ ಬನ್ನಿ. ಗಾಡಿ ಎಲ್ಲಿ ನಿಲ್ಲಿಸಿದ್ರಿ? ಫುಟ್‌ಪಾತಿಗೆ ಎಷ್ಟು ದೂರ ಇದೆ?"

"ಸರಿಯಾಗೇ ಇದೆ ಮೇಡಂ. ಇದು ನಕ್ಷೆ. ಇವತ್ತೇ ಆಗಬೇಕಿತ್ತು."

ಡಾರ್ಲೀನ್ ಕೆಂಪು ಪೆನ್ಸಿಲ್ ತೆಗೆದಳು. "ಕಂಬ ಎಷ್ಟು ಆಳ ಹೂಳ್ತೀರಿ? ಇಲ್ಲಿ ಬರೆದೇ ಇಲ್ಲ."

"ನಾಲ್ಕಡಿ. ಅದು ಎಲ್ಲರಿಗೂ ಗೊತ್ತಿರೋದೇ ಅಲ್ವಾ? ಕಮ್ಮಿ ಆದ್ರೆ ಚಳಿಗೆ ನೆಲ ಉಬ್ಬಿ ಕಂಬಾನೇ ಎತ್ತಿ ಹಾಕುತ್ತೆ."

"ಬ್ರೇಕ್ ಎಲ್ಲಿದೆ ಅಂತಾನೂ ಎಲ್ಲರಿಗೂ ಗೊತ್ತಿರುತ್ತೆ ಸಾರ್. ಆದ್ರೂ ನೀವು ತೋರಿಸಮ್ಮಾ ಅಂತೀರಲ್ಲ?"

ಆರ್ವಿಡ್ ಪಕ್ಕದಲ್ಲಿ ಕಿಸಕ್ಕನೆ ನಕ್ಕ. ಲೈಲ್ ತುಟಿ ಕಚ್ಚಿಕೊಂಡು ಬರೆದ. ಕಟಕಟೆಯ ಎತ್ತರ ಎಲ್ಲಿ? ಬರೆದ. ಕಂಬಿಗಳ ಸಂದಿಯಲ್ಲಿ ಕೂಸಿನ ತಲೆ ತೂರದ ಹಾಗಿದೆಯಾ? ಬರೆದ. ಮೆಟ್ಟಿಲು ಯಾವ ಕಡೆ? ಬರೆದ, ಅಳಿಸಿದ, ಮತ್ತೆ ಬರೆದ. ಕಾಗದ ತೂತು ಬೀಳುವ ತನಕ ಬರೆದ, ಆದರೆ ಜಾಗ ಬಿಟ್ಟು ಕದಲಲಿಲ್ಲ. ಕೊನೆಗೆ ಡಾರ್ಲೀನ್‌ಗೂ ಸಾಕಾಯಿತು.

"ಪರವಾಗಿಲ್ಲ ಸಾರ್, ಪಾಸು. ಇದೊಂದು ಮೂಲೆ ಮಾತ್ರ ಬಲಗಡೆ ಮನೆ ಬೇಲಿಗೆ ಹತ್ರ ಬಂತು. ಅವರ ಒಪ್ಪಿಗೆ ಸಹಿ ಬೇಕು. ಬೇಗ ತನ್ನಿ. ರಸ್ ಆಗಲೇ ಗಾಡಿಗೆ ದೋಣಿ ಕಟ್ಟಿ ನಿಲ್ಲಿಸಿದ್ದಾರೆ. ಊಟ ಆಗಿದ್ದೇ ಹೊರಟರು ಅಂತ ಲೆಕ್ಕ."

ಬಲಗಡೆ ಮನೆಯವಳು ಗ್ಲೆನಿಸಜ್ಜಿ. ಸಹಿ ಹಾಕಿಸಿಕೊಳ್ಳುವುದು ಒಂದು ನಿಮಿಷದ ಕೆಲಸ. ಆದರೆ ಆ ಸೀಮೆಯಲ್ಲಿ ಯಾರ ಮನೆಗೂ ಹೋಗಿ ಒಂದು ನಿಮಿಷದಲ್ಲಿ ಬರುವ ಹಾಗಿಲ್ಲ.

"ಕಾಫಿ ಕುಡೀತೀಯೇನಪ್ಪಾ?"

"ಅಯ್ಯೋ ಬೇಡಿ ಅಜ್ಜಿ, ಅವಸರದಲ್ಲಿದ್ದೀನಿ."

"ಅವಸರ ಇದ್ದದ್ದೇ. ಸ್ವಲ್ಪ ಕುಡಿ."

"ನಿಮಗ್ಯಾಕೆ ಸುಮ್ನೆ ತೊಂದರೆ."

"ತೊಂದರೆ ಏನು ಬಂತು, ಕಾಸಿದ್ದು ಇದ್ದೇ ಇದೆ."

"ಹಾಗಾದ್ರೆ ಒಂದೇ ಒಂದು ಗುಟುಕು."

ಇದು ಅಲ್ಲಿನ ಕ್ರಮ. ಯಾರು ಏನು ಕೊಡುತ್ತೇನೆಂದರೂ ಎರಡು ಸಲ ಬೇಡ ಅನ್ನಬೇಕು, ಮೂರನೇ ಸಲಕ್ಕೆ ಹೂಂ ಅನ್ನಬೇಕು. ಕೊಡುವವರೂ ಮೂರು ಸಲ ಕೇಳುತ್ತಾರೆ. ಬರೀ ಬಾಯಿಮಾತಿಗೆ ಕೇಳಿದ್ದಾದರೆ ಎರಡಕ್ಕೇ ನಿಲ್ಲಿಸುತ್ತಾರೆ. ಯಾರ ಮನಸ್ಸೂ ನೋಯುವುದಿಲ್ಲ, ಯಾರ ತಿಜೋರಿಯೂ ಕರಗುವುದಿಲ್ಲ. ಕಾಫಿ ಬಂತು, ಕಾಫಿಯ ಜೊತೆ ರೂಬಾರ್ಬ್ ಎಂಬ ಹುಳಿ ದಂಟಿನ ಸಿಹಿ ಬಂತು. ಅದಕ್ಕೂ ಎರಡು ಸಲ ಬೇಡ, ಒಂದು ಸಲ ಹೂಂ ಆಯಿತು. ಹೊರಗೆ ಆರ್ವಿಡ್ ಗಾಡಿಯ ಹಾರ್ನ್ ಒತ್ತುತ್ತಿದ್ದ.

"ಆ ಹೊಸ ಪಾದ್ರಿ ಇದ್ದಾನಲ್ಲ," ಅಜ್ಜಿ ಆರಾಮಾಗಿ ಶುರುಮಾಡಿದಳು, "ತಟ್ಟೇಲಿದ್ದ ಕೊನೇ ತುಂಡು ತಗೋತೀರಾ ಅಂತ ಅವನನ್ನ ಕೇಳಿದೆ. ಮೊದಲನೇ ಸಲಕ್ಕೇ ಹೂಂ ಅಂದುಬಿಟ್ಟ ಕಣೋ!"

"ಛೆ ಛೆ! ನೀವೇನು ಮಾಡಿದ್ರಿ?"

"ಕೊಟ್ಟೆ. ನಮ್ಮೆಜಮಾನ್ರಿಗೆ ಅಂತ ಎತ್ತಿಟ್ಟಿದ್ದೆ, ಆದ್ರೂ ಕೊಟ್ಟೆ. ಹೂಂ ಅಂದಮೇಲೆ ಮುಗೀತಲ್ಲಪ್ಪ, ಆಮೇಲೆ ಇಲ್ಲ ಅನ್ನೋಕಾಗುತ್ತಾ? ಯಜಮಾನ್ರು ತೀರ್ಕೊಳ್ಳೋ ತನಕ ಅದನ್ನೇ ಹೇಳ್ಕೊಂಡು ಕೊರಗಿದ್ರು."

ಸಹಿಯದೂ ಅದೇ ಕತೆ. ಅಜ್ಜಿ ಹಾಕುತ್ತೇನೆ ಅಂದಳು, ಲೈಲ್ ತೊಂದರೆಯಾದರೆ ಬೇಡಿ ಅಂದ. ತೊಂದರೆಯಿಲ್ಲ ಅಂದಳು, ಯೋಚನೆ ಮಾಡಿ ಹಾಕಿ ಅಂದ. "ಕೊಡೋ ಇಲ್ಲಿ!" ಎಂದು ಅಜ್ಜಿ ಕಿತ್ತುಕೊಂಡು ಸಹಿ ಹಾಕಿದ ಮೇಲೆಯೇ ಲೈಲ್‌ನ ಜೀವ ಸಮಾಧಾನವಾದದ್ದು.

ಮತ್ತೆ ನಗರಸಭೆಗೆ ಬರುವಾಗ ರಸ್ ಕಪ್ಪು ಕನ್ನಡಕ ಏರಿಸಿಕೊಂಡು, ಬೀಗದ ಕೈ ಗಿರ್ರನೆ ತಿರುಗಿಸುತ್ತ ಹೊರಬಾಗಿಲಲ್ಲೇ ಸಿಕ್ಕಿದ. ಟೆಕ್ಸಾಸ್ ಕಡೆಯ ಆಳು, ಈ ಊರಿಗೆ ಬಂದು ಇನ್ನೂ ವರ್ಷವಾಗಿರಲಿಲ್ಲ. ಮಾತೂ ಜೋರು, ಮನಸ್ಸೂ ದೊಡ್ಡದು. ನಿಂತಲ್ಲೇ ನಕ್ಷೆ ಬಿಚ್ಚಿ ನೋಡಿದ.

"ಏ, ಛಲೋ ಮಾಡೀರಲ್ರೀ ಯಜಮಾನ್ರ! ಕಂಬ ಬರೋಬ್ಬರಿ, ಕಟಕಟಿ ಬರೋಬ್ಬರಿ, ಅಜ್ಜಿ ಸಹಿನೂ ಐತಿ. ಈಗಿಂದೀಗ ಸಿಕ್ಕಾ ಹೊಡದು ಕೊಡ್ಲೇನು?"

ಲೈಲ್‌ನ ಎದೆ ಕುಣಿಯಿತು. ಇಡೀ ದಿನ, ಅಲ್ಲ, ಇಡೀ ಹನ್ನೆರಡು ವರ್ಷ ಕಾದದ್ದು ಈ ಮಾತಿಗೆ! ಆದರೆ ಬಾಯಿಗೆ ತನ್ನದೇ ಒಂದು ಅಭ್ಯಾಸವಿರುತ್ತದಲ್ಲ.

"ಅಯ್ಯೋ, ಬೇಡಿ ಸಾರ್. ಹೊರಟು ನಿಂತಿದ್ದೀರಿ, ನಿಮಗ್ಯಾಕೆ ತೊಂದರೆ."

"ಒಂದ್ ನಿಮಿಷದ ಕೆಲಸ ಐತ್ರಿ. ಹೊಡೀಲೇನು?"

"ಇಲ್ಲ ಇಲ್ಲ, ದೋಣಿ ಬೇರೆ ಕಟ್ಟಿದ್ದೀರಿ. ಪರವಾಗಿಲ್ಲ ಬಿಡಿ."

"ಹಂಗಾದ್ರ ಆತು ಬಿಡ್ರಿ," ಎಂದು ರಸ್ ನಕ್ಷೆಯನ್ನು ಸುತ್ತಿ ಲೈಲ್‌ನ ಕಂಕುಳಿಗೆ ಸಿಕ್ಕಿಸಿದ. "ರಜಾ ಮುಗಿಸ್ಕೊಂಡು ಬಂದು ನೋಡೂಣು." ಅವನು ಪಿಕಪ್ ಹತ್ತಿದ್ದೂ ಆಯಿತು, ದೋಣಿಯ ಬಾಲ ರಸ್ತೆಯ ತಿರುವಿನಲ್ಲಿ ಮಾಯವಾದದ್ದೂ ಆಯಿತು. ಲೈಲ್ ಮೂರನೇ ಸಲಕ್ಕೆ ಹೂಂ ಅನ್ನಲು ಬಾಯಿ ತೆರೆದವನು ಹಾಗೇ ನಿಂತಿದ್ದ.

"ಎರಡಕ್ಕೇ ಬಿಟ್ಟನಲ್ಲಯ್ಯಾ!" ಎಂದ ಆರ್ವಿಡ್.

"ಅವರ ಕಡೆ ಎರಡು ಸಲ ಕೇಳೋದೇ ಜಾಸ್ತಿ ಸಾರ್," ಎಂದಳು ಕಿಟಕಿಯಿಂದ ಡಾರ್ಲೀನ್. ಅವಳಿಗೂ ಈಗ ಕನಿಕರ ಬಂದಿತ್ತು. "ದಾರೀಲಿ ಎರೆ ಅಂಗಡೀಲಿ ನಿಲ್ಲಿಸ್ತಾರೆ, ಗಾಳಕ್ಕೆ ಮರಿಮೀನು ತಗೋಳೋಕೆ. ಸಿಕ್ಕಾ ಅವರ ಚೀಲದಲ್ಲೇ ಇದೆ. ಓಡಿ!"

ಓಡುವುದೇನೋ ಓಡಿದರು. ಆದರೆ ಗಾಡಿ ಓಡಿಸುತ್ತಿದ್ದವನು ಲೈಲ್. ಬೋರ್ಡಿನಲ್ಲಿ ಬರೆದ ವೇಗಕ್ಕಿಂತ ಒಂದು ಕೂದಲೂ ಹೆಚ್ಚಿಲ್ಲ. ಸುತ್ತ ಜೋಳದ ಬಯಲು, ಕಣ್ಣಿಗೆ ಕಾಣುವಷ್ಟು ದೂರ ಒಂದು ನರಪಿಳ್ಳೆಯಿಲ್ಲ, ಆದರೂ ಸ್ಟಾಪ್ ಬೋರ್ಡು ಬಂದಲ್ಲೆಲ್ಲ ಪೂರ್ತಿ ನಿಲ್ಲಿಸಿ, ಒಂದು, ಎರಡು, ಮೂರು ಎಣಿಸಿ, ಎಡಕ್ಕೆ ನೋಡಿ, ಬಲಕ್ಕೆ ನೋಡಿ ಹೊರಡುತ್ತಿದ್ದ.

"ಒತ್ತೋ ಮಾರಾಯಾ! ಯಾರು ನೋಡ್ತಾರೆ ಇಲ್ಲಿ?"

"ನಾನು ನೋಡ್ತೀನಲ್ಲ."

"ಅವನು ಸರೋವರ ಸೇರ್ಕೊಂಡು, ಮೀನು ಹಿಡಿದು, ಹುರಿದು ತಿಂದಿರ್ತಾನೆ ಈ ಹೊತ್ತಿಗೆ! ಇಳಿ ಕೆಳಗೆ, ನಾನು ಓಡಿಸ್ತೀನಿ."

"ನೀವಾ? ತಿರುವಿನಲ್ಲಿ ದೀಪ ಹಾಕೋ ಅಭ್ಯಾಸ ಇಲ್ಲ ನಿಮಗೆ. ಸುಮ್ನೆ ಕೂತ್ಕೊಳ್ಳಿ, ಅವನು ಸಿಕ್ಕೇ ಸಿಗ್ತಾನೆ. ಇವತ್ತು ಅದು ಇಲ್ಲದೆ ಮನೆಗೆ ಹೋಗಲ್ಲ ನಾನು."

ಪುಣ್ಯಕ್ಕೆ ಎರೆ ಅಂಗಡಿಯ ಮುಂದೆ ಅರ್ಧ ಮೈಲಿ ಸಾಲಿತ್ತು. ಊರಿನ ಗಂಡಸರೆಲ್ಲ ಬಕೆಟ್ ಹಿಡಿದು ನಿಂತಿದ್ದರು. ರಸ್ ಆಗಷ್ಟೇ ಕೌಂಟರಿನ ಹತ್ತಿರ ತಲುಪಿದ್ದ. ಲೈಲ್ ಸಾಲು ಮುರಿದು ನುಗ್ಗಲಿಲ್ಲ. ಸಾಲಿನಲ್ಲಿದ್ದ ಒಬ್ಬೊಬ್ಬರನ್ನೂ ಕ್ಷಮಿಸಿ, ಕ್ಷಮಿಸಿ ಎಂದು ಕೇಳಿಕೊಂಡು ಮುಂದೆ ಹೋದ. ಅವರಲ್ಲಿ ಮುಕ್ಕಾಲು ಮಂದಿ ಅವನ ಕೈಯಲ್ಲಿ ಫೇಲಾದವರೇ. ಆದರೂ ದಾರಿ ಬಿಟ್ಟರು.

"ಸಾರ್! ನನಗೆ ಸಿಕ್ಕಾ ಬೇಕಿತ್ತು ಸಾರ್. ಆಗಲೇ ಬೇಕಿತ್ತು!"

ರಸ್ ಕನ್ನಡಕ ತೆಗೆದು ಅವನನ್ನು ಮೇಲಿಂದ ಕೆಳಗೆ ನೋಡಿದ. "ಬ್ಯಾಡ ಅಂದ್ರೆಲ್ರೀ? ಒಮ್ಮೆ ಅಲ್ಲ, ಎರಡ್ ಸಲ ಅಂದ್ರಿ."

"ಅದು... ನಮ್ಮ ಕಡೆ ಎರಡು ಸಲ ಬೇಡ ಅಂದ್ರೆ, ಬೇಕು ಅಂತ ಅರ್ಥ."

"ಅಲ್ಲೋ ಯಪ್ಪಾ!" ರಸ್ ನಕ್ಕ ನಗೆಗೆ ತೊಟ್ಟಿಯ ಮೀನೆಲ್ಲ ತಳ ಸೇರಿದವು. "ಅದಕ್ಕನ ನಾ ಈ ಊರಿಗೆ ಬಂದಾಗಿಂದ ಒಬ್ರಿಗೂ ಊಟಾ ಹಾಕಿಲ್ಲ. ಎಲ್ಲಾರೂ ಬ್ಯಾಡ ಬ್ಯಾಡ ಅಂತಾರ, ನಾ ಆತು ಬಿಡ್ರಿ ಅಂತೇನಿ. ನೋಡ್ರಿ ಯಜಮಾನ್ರ, ನಾ ಈಗ ನಿಮಗ ಒಂದ ಸಲ ಕೇಳ್ತೇನಿ. ಸಿಕ್ಕಾ ಬೇಕೇನು?"

"ನಿಮಗೆ ತೊಂದ..." ಎಂದು ನಾಲಗೆ ಹೊರಟೇಬಿಟ್ಟಿತ್ತು. ಆರ್ವಿಡ್ ಹಿಂದಿನಿಂದ ಕಾಲು ತುಳಿದ. "ಹೂಂ! ಬೇಕು! ಹೂಂ!" ಎಂದು ಲೈಲ್ ಕೂಗಿದ.

ಬಕೆಟ್ಟಿನ ಮುಚ್ಚಳದ ಮೇಲೆ ನಕ್ಷೆ ಹಾಸಿ, ರಸ್ ದಪ್ಪನೆ ಸಿಕ್ಕಾ ಹೊಡೆದ. ಪರ್ಮಿಟ್ಟಿನ ಹಳದಿ ಹಾಳೆ ಬರೆದು, ಅದಕ್ಕೂ ಸಿಕ್ಕಾ ಒತ್ತಿ ಕೈಗಿಟ್ಟ. ಸಾಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಲೈಲ್‌ನ ಕಣ್ಣಲ್ಲಿ ನೀರು ಬಂತು.

"ಬಾಯಿಗೆ ರೂಢಿ ಮಾಡ್ಕೋರಿ," ಎಂದ ರಸ್. "ಯಾರ್ ಏನ್ ಕೊಟ್ರೂ ಮದಲನೇ ಸಲಕ್ಕನ ಹೂಂ."

ಅದೇ ಹೊತ್ತಿಗೆ ಅಂಗಡಿಯವಳು, "ಲೈಲ್, ಒಂದು ಬಕೆಟ್ ಮರಿಮೀನು ತಗೊಂಡು ಹೋಗ್ತೀಯಾ?" ಎಂದು ಬಾಯಿಮಾತಿಗೆ ಕೇಳಿದಳು. ರಸ್ ಹುಬ್ಬೇರಿಸಿ ನೋಡುತ್ತಿದ್ದ. "ಹೂಂ," ಎಂದ ಲೈಲ್. ಅವಳಿಗೆ ಬೇರೆ ದಾರಿಯಿರಲಿಲ್ಲ, ಕೊಟ್ಟಳು. ಲೈಲ್‌ಗೆ ಮೀನು ಹಿಡಿಯಲು ಬರುತ್ತಿರಲಿಲ್ಲ.

ವಾಪಸು ಬರುವಾಗ ಅವನು ದಾರಿಯುದ್ದಕ್ಕೂ ಪಾಠ ಒಪ್ಪಿಸುವ ಹುಡುಗನಂತೆ ಹೂಂ, ಹೂಂ ಎನ್ನುತ್ತಿದ್ದ. ಎಷ್ಟು ಸುಲಭ! ಇಷ್ಟು ವರ್ಷ ಈ ಎರಡು ಬೇಡಗಳಲ್ಲಿ ತಾನು ಏನೇನು ಕಳೆದುಕೊಂಡೆನೋ ಅಂತ ಅವನಿಗೆ ಹೊಟ್ಟೆ ಉರಿಯಿತು. ಆರ್ವಿಡ್‌ಗೆ ತಮಾಷೆ ಹತ್ತಿತು.

"ದಾರೀಲಿ ಒಂದೊಂದು ಹೋಳು ಪೈ ತಿನ್ನೋಣವೇನೋ? ನಾನು ಕೊಡಿಸ್ತೀನಿ."

"ಹೂಂ."

ಪೈ ತಿಂದರು. ಆರ್ವಿಡ್ ಹಣ ಕೊಟ್ಟ.

"ಮಾರಾಯ, ಚೆನ್ನಾಗಿ ಕಲಿತೆಯಲ್ಲ! ನಮ್ಮ ಮನೆ ಗೋಡೆ ಮೇಲೆ ಒಣಗಿಸಿ, ಹಲಗೆಗೆ ಜಡಿದು ತೂಗುಹಾಕಿದ ಮೀನಿದೆ ನೋಡು, ನಾನು ಹಿಡಿದದ್ದರಲ್ಲೇ ದೊಡ್ಡದು. ಅದೂ ಬೇಕೇನು?"

"ಹೂಂ," ಎಂದಿತು ಲೈಲ್‌ನ ಬಾಯಿ.

ಆರ್ವಿಡ್‌ನ ಮುಖ ಹರಳೆಣ್ಣೆ ಕುಡಿದ ಹಾಗಾಗಿತ್ತು.

"ತಮಾಷೆಗೆ ಅಂದ್ರಾ ಆರ್ವಿಡ್? ಹಾಗಾದ್ರೆ ಬಿಡಿ, ನಾನು..."

"ಬೇಡಪ್ಪ," ಆರ್ವಿಡ್ ಕಿಟಕಿಯಾಚೆ ನೋಡುತ್ತ ಹೇಳಿದ. "ಹೂಂ ಅಂದಾಯ್ತಲ್ಲ. ಸಂಜೆ ತಂದುಕೊಡ್ತೀನಿ."

ಮನೆಗೆ ಬಂದು, ಮರದ ಪಟ್ಟಿಯ ಮೇಲ್ಗಡೆ ಗಾಜಿನ ನಟ್ಟನಡುವೆ ಲೈಲ್ ಹಳದಿ ಹಾಳೆ ಅಂಟಿಸಿದ. ಒಂದು ಹೆಜ್ಜೆ ಹಿಂದೆ ಸರಿದು ನೋಡಿದ, ಮೂಲೆ ಸೊಟ್ಟಗಿತ್ತು, ಕಿತ್ತು ಮತ್ತೆ ಅಂಟಿಸಿದ. ಬ್ರಿಟಾ ಬಂದು ಅವನ ಪಕ್ಕ ನಿಂತಳು.

"ಅಪ್ಪಾ, ನಿಜವಾಗ್ಲೂ ಕೊಟ್ರಾ?"

"ಕೊಡದೆ ಏನು ಮಾಡ್ತಾರೆ? ನಿನ್ನ ಅಪ್ಪ ಯಾರು ಅಂದ್ಕೊಂಡಿದ್ದೀಯ?"

"ನಿಂಗೊಂದು ಹೇಳ್ಲಾ? ಕಾರ್ಡಲ್ಲಿ ನಾನು ಬೇಕು ಅಂತಾನೇ ಹಾಗೆ ಬರೆದೆ. ಬರೆದುಬಿಟ್ರೆ ನೀನು ಮಾಡೇ ಮಾಡ್ತೀಯ ಅಂತ ಗೊತ್ತಿತ್ತು. ನಂಗೆ ಡ್ವೇನ್ ಮಾವನ ಮನೆ ಬೇಡ ಅಪ್ಪ. ಚಿಕ್ಕೋಳಾಗಿದ್ದಾಗಿಂದ ಈ ಬಾಗಿಲಿಂದ ಒಂದ್ಸಲ ಆಚೆ ಹೋಗ್ಬೇಕು ಅಂತ ಕಾದಿದ್ದೀನಿ."

ಲೈಲ್ ಮಗಳ ತಲೆ ಸವರಿದ. ಒಲೆಯ ಹತ್ತಿರ ನಿಂತಿದ್ದ ಮಾರ್ಲಿಸ್ ಅವನನ್ನು ನೋಡಿದ ನೋಟ ಮದುವೆಯಾದ ಹೊಸದರಲ್ಲಿ ನೋಡಿದ್ದು, ಆಮೇಲೆ ಈಗಲೇ.

ಆಗ ಮುಂಬಾಗಿಲಲ್ಲಿ ಆರ್ವಿಡ್ ಬಂದು ನಿಂತ. ತೋಳಲ್ಲಿ ಹಲಗೆಯ ಸಮೇತ ಆ ಮೀನು, ಬಾಯಿ ತೆರೆದುಕೊಂಡು, ಹಲ್ಲು ಕಿರಿದುಕೊಂಡು. ಲೈಲ್‌ನ ತೋಳಿಗೆ ಅದನ್ನು ದಾಟಿಸಿ, ಅದರ ಬೆನ್ನು ಒಂದು ಸಲ ತಟ್ಟಿ, ತಿರುಗಿ ನೋಡದೆ ಹೋದ.

ಅವನ ಹಿಂದೆಯೇ ಡ್ವೇನ್ ಬಂದ. ಒಳಗೆ ಬಂದವನು ಮೊದಲು ನೋಡಿದ್ದು ಕಾಲ ಬಳಿಯ ಮರಿಮೀನಿನ ಬಕೆಟ್ಟು, ಆಮೇಲೆ ಭಾವನ ತೋಳಿನ ಒಣಮೀನು, ಆಮೇಲೆ ಗಾಜಿನ ಮೇಲಿನ ಹಳದಿ ಹಾಳೆ. ಹಾಳೆಯ ಹತ್ತಿರ ಹೋಗಿ ಪೂರ್ತಿ ಓದಿದ.

"ಪರವಾಗಿಲ್ವೇ ಭಾವ! ಕೊನೆಗೂ ಸಾಧಿಸಿಬಿಟ್ರಿ." ಅವನ ದನಿಯಲ್ಲಿ ನಿಜವಾಗಿಯೂ ಮೆಚ್ಚುಗೆಯಿತ್ತು, ಅದಕ್ಕಿಂತ ಹೆಚ್ಚಾಗಿ ನಿರಾಳವಿತ್ತು. ಇನ್ನೊಂದು ಸಲ ಊರಿಗೆಲ್ಲ ಊಟ ಹಾಕಿದರೆ ತೌರಿಗೆ ಹೊರಟೆ ಅಂತ ಅವನ ಹೆಂಡತಿ ಅಂದೇ ಬೆಳಿಗ್ಗೆ ಹೇಳಿ ಕಳಿಸಿದ್ದಳು. "ಬ್ರಿಟಾ ಪಾರ್ಟಿ ಇಲ್ಲೇ ಅಂತಾಯ್ತು ಹಾಗಾದ್ರೆ."

ಮಾರ್ಲಿಸ್ ತಿಂಡಿಯ ಡಬ್ಬಿ ಅವನ ಕೈಗಿಟ್ಟು ನಕ್ಕಳು. ಎಲ್ಲವೂ ಮುಗಿದ ಹಾಗೆಯೇ. ಆದರೆ ಬಂದವನು ಒಂದು ಮಾತು ಕೇಳದೆ ಹೋಗುವುದುಂಟೆ? ಹೋದರೆ ಅಕ್ಕ ಏನಂದುಕೊಂಡಾಳು? ಡ್ವೇನ್ ಬಾಗಿಲಲ್ಲಿ ತಿರುಗಿ ನಿಂತ.

"ಅಥವಾ, ನೋಡಿ, ನಮ್ಮನೇಲೇ ಬೇಕಾದ್ರೂ ಮಾಡಬ..."

ಮಾರ್ಲಿಸ್ ಮೊದಲನೇ 'ಬೇಡ'ಕ್ಕೆ ಬಾಯಿ ತೆರೆದಳು.

"ಹೂಂ!" ಎಂದ ಲೈಲ್. "ಆಗಲಿ. ತುಂಬ ಉಪಕಾರ."

ಅಡುಗೆಮನೆಯಲ್ಲಿ ಬಕೆಟ್ಟಿನ ಮರಿಮೀನುಗಳು ಈಜುವ ಸದ್ದು ಕೇಳಿಸಿತು. ಡ್ವೇನ್‌ನ ಮುಖದ ರಕ್ತ ಇಳಿಯಿತು. ಅವನು ಅಕ್ಕನನ್ನು ನೋಡಿದ, ಅಕ್ಕ ಗಂಡನನ್ನು ನೋಡಿದಳು, ಗಂಡ ತನ್ನ ಬಾಯಿಯನ್ನೇ ನೋಡಿಕೊಳ್ಳಲು ಸಾಧ್ಯವಾಗಿದ್ದರೆ ನೋಡಿಕೊಳ್ಳುತ್ತಿದ್ದ.

"ಅಲ್ಲ... ಡ್ವೇನ್... ನಾನು ಹೇಳಿದ್ದು..."

"ಪರವಾಗಿಲ್ಲ ಭಾವ." ಡ್ವೇನ್ ತಿಂಡಿಯ ಡಬ್ಬಿಯನ್ನು ಕಂಕುಳಿಗೆ ಸೇರಿಸಿದ. "ಹೂಂ ಅಂದಾಯ್ತಲ್ಲ. ಮಾಂಸ ನಾನೇ ತರಿಸ್ತೀನಿ. ಭಾಷಣಾನೂ... ನಾನೇ ಮಾಡ್ತೀನಿ."

ಆ ಊರಲ್ಲಿ ಹೋಗಿ ಬರುತ್ತೇನೆ ಅಂದವರು ಹೊಸ್ತಿಲಲ್ಲಿ ಅರ್ಧ ಗಂಟೆ ನಿಂತು ಮಾತಾಡುವುದು ವಾಡಿಕೆ. ಡ್ವೇನ್ ಅರ್ಧ ನಿಮಿಷವೂ ನಿಲ್ಲಲಿಲ್ಲ. ಬ್ರಿಟಾ ಗಾಜಿನ ಬಾಗಿಲನ್ನೂ ಅಪ್ಪನನ್ನೂ ಒಂದು ಸಲ ನೋಡಿ, "ಅಪ್ಪಾ!" ಎಂದಷ್ಟೇ ಅಂದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಒಂದು ಮಾತು ಸಾಕಾಗಿತ್ತು, ಲೈಲ್ ಒಣಮೀನನ್ನು ಅಪ್ಪಿಕೊಂಡೇ ಕುರ್ಚಿಯಲ್ಲಿ ಕುಸಿದ. ಗಾಜಿನ ಮೇಲೆ ಪರ್ಮಿಟ್ ಇತ್ತು, ನೆಟ್ಟಗಿತ್ತು, ಕೆಂಪು ಸಿಕ್ಕಾ ಹೊಳೆಯುತ್ತಿತ್ತು.

ಮಾರ್ಲಿಸ್ ತನಗೊಂದು ಲೋಟ ಕಾಫಿ ಬಗ್ಗಿಸಿಕೊಂಡಳು. ಅವನ ಕಡೆ ತಿರುಗದೆಯೇ ಕೇಳಿದಳು.

"ಕಾಫಿ ಬೇಕಾ?"

"ಬೇಡ, ಬಿಡು," ಎಂದು ಲೈಲ್ ಹಳೆಯ ಅಭ್ಯಾಸದಲ್ಲಿ ಅಂದುಬಿಟ್ಟು, ಎರಡನೇ ಸಲ ಕೇಳಲಿ ಅಂತ ಕಾದ.

ಮಾರ್ಲಿಸ್ ಕೇಳಲಿಲ್ಲ.